ಒಳಗಿನ ಅಗಳಿ

ಬಾಯಿಯವರು ಹೋದ ಸುದ್ದಿ ಬಂದಾಗ ನಾನು ಪುಣೆಯ ಹೊರವಲಯದ ಖರಾಡಿಯಲ್ಲಿ ಒಂದು ಗಾಜಿನ ಕಚೇರಿ ಕಟ್ಟಡದ ಮೇಲೆ ಸ್ಲ್ಯಾಬ್ ಹಾಕಿಸುತ್ತಿದ್ದೆ. ಕಾಂಕ್ರೀಟ್ ಕಲಸುವ ಯಂತ್ರದ ಗದ್ದಲದಲ್ಲಿ ಫೋನಿನ ಮಾತು ಅರ್ಧ ಕೇಳಿಸಿತು, ಅರ್ಧ ಊಹಿಸಿಕೊಂಡೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದವರು ಹಾಗೇ ಗೋಡೆಗೆ ಒರಗಿ ಕೂತರಂತೆ. ಮತ್ತೆ ಏಳಲಿಲ್ಲವಂತೆ. ಇಷ್ಟು ಸದ್ದಿಲ್ಲದೆ ಹೋಗುವ ಹೆಂಗಸಲ್ಲವಲ್ಲ ಅವರು ಎಂದು ಮೊದಲು ಅನ್ನಿಸಿತು. ಸ್ಲ್ಯಾಬ್ ಅರ್ಧಕ್ಕೆ ನಿಲ್ಲಿಸಿ ಹೊರಡುವಂತಿರಲಿಲ್ಲ. ನಿಲ್ಲಿಸಿ ಹೋಗಿದ್ದರೆ ಅವರೇ ಚಟ್ಟದಿಂದ ಎದ್ದು ಕೂತು ಬೈಯುತ್ತಿದ್ದರು. ಕೆಲಸ ಮುಗಿಸಿ, ಕೈಕಾಲು ತೊಳೆದು, ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ನೆನಪಾದದ್ದು ಅವರು ಕಟ್ಟಿದ ಕಟ್ಟಡಗಳಲ್ಲ, ಅವರು ಕೊಟ್ಟ ಮತ್ತು ತಿಂದ ಏಟುಗಳು.

ಪುಣೆಯಲ್ಲಿ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ. ಕನ್ನಡದಲ್ಲಿ ಆ ಮಾತಿಗಿರುವ ಇನ್ನೊಂದು ಅರ್ಥವೂ ಅವರಿಗೆ ಚೆನ್ನಾಗಿ ಒಪ್ಪುತ್ತಿತ್ತು. ಅವರ ತಂದೆ ಧಾರವಾಡದ ಕಡೆಯಿಂದ ಗುಮಾಸ್ತರಾಗಿ ಬಂದು ಹಳೆಯ ಪೇಠೆಯ ಒಂದು ವಾಡೆಯಲ್ಲಿ, ನಡುವೆ ಅಂಗಳವಿರುವ ದೊಡ್ಡ ಮನೆಯಲ್ಲಿ, ಬಾಡಿಗೆಗೆ ಇದ್ದವರು. ಬಾಯಿಯವರು ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ವಾಸ್ತುಶಿಲ್ಪ ಓದಿ, ಅದೇ ಪೇಠೆಯ ಇನ್ನೊಂದು ವಾಡೆಯ ಅಟ್ಟದ ಮೇಲೆ ಕಚೇರಿ ತೆರೆದಿದ್ದರು. ಮರಾಠಿ ಅಲ್ಲಿಯವರಿಗಿಂತ ಚೆನ್ನಾಗಿ ಆಡುತ್ತಿದ್ದರು. ಬೈಗುಳ ಮಾತ್ರ ಕನ್ನಡದಲ್ಲಿ.

"ಮರಾಠಿಯೊಳಗ ಬೈದ್ರ ಅವರಿಗೆ ತಿಳೀತದ," ಎನ್ನುತ್ತಿದ್ದರು, "ಕನ್ನಡದೊಳಗ ಬೈದ್ರ ನನಗ ಸಮಾಧಾನ ಆಗ್ತದ."

ನಾನು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಡಿಪ್ಲೊಮಾ ಹಿಡಿದು ಬಿಜಾಪುರದಿಂದ ಬಂದೆ. ಪರಿಚಯದವರು ಹೇಳಿದ ವಿಳಾಸ ಹುಡುಕಿಕೊಂಡು ಅಟ್ಟ ಹತ್ತಿದಾಗ ಬಾಯಿಯವರು ಒಂದು ಕಟ್ಟಡದ ಮಾದರಿಯ ಮೇಲೆ ಕೂತಿದ್ದರು. ತಮಾಷೆಗೆ ಹೇಳುತ್ತಿಲ್ಲ. ರಟ್ಟು, ಬೆಂಡು, ಪುಟ್ಟ ಪುಟ್ಟ ಮರಗಳು ಎಲ್ಲವೂ ಅವರ ಕೆಳಗೆ ಅಪ್ಪಚ್ಚಿಯಾಗಿದ್ದವು. ಅದನ್ನು ತಿಂಗಳುಗಟ್ಟಲೆ ಮಾಡಿದ ಹುಡುಗಿ ಮೂಲೆಯಲ್ಲಿ ಅಳುತ್ತಿದ್ದಳು.

"ಎಲ್ಲಿಯವ?" ಎಂದರು ನನ್ನನ್ನು.

"ಬಿಜಾಪುರ್ರಿ."

"ಗೋಳಗುಮ್ಮಟದಾಗ ನಿಂತು ಕೂಗಿದಿಯೇನು?"

"ಹೌದ್ರಿ."

"ಏನಂತ ಕೂಗಿದಿ?"

"ನನ್ನ ಹೆಸರ್ರಿ."

"ಎಲ್ಲಾರೂ ತಮ್ಮ ಹೆಸರೇ ಕೂಗ್ತಾರ. ನಾಳಿಂದ ಬಾ." ಆಮೇಲೆ ಎದ್ದು, ಕುರ್ತಾದ ಕಿಸೆಯಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ಅಳುತ್ತಿದ್ದ ಹುಡುಗಿಯ ಕೈಯಲ್ಲಿಟ್ಟರು. ಆ ಶೇಂಗಾದ ಅರ್ಥ ನನಗೆ ತಿಳಿದದ್ದು ಕೆಲ ದಿನಗಳ ಮೇಲೆ. ಬಾಯಿಯವರು ಯಾರ ಹತ್ತಿರವೂ ಕ್ಷಮೆ ಕೇಳಿದ್ದನ್ನು ಯಾರೂ ನೋಡಿರಲಿಲ್ಲ. ಬೈದ ಮೇಲೆ, ಹೊಡೆದ ಮೇಲೆ, ಶೇಂಗಾ ಕೊಡುತ್ತಿದ್ದರು. ತಿನ್ನದೆ ಇಟ್ಟುಕೊಂಡರೆ ಮತ್ತೆ ಸಿಟ್ಟು ಬರುತ್ತಿತ್ತು.

ಹೊಡೆಯುತ್ತಿದ್ದದ್ದು ನಿಜ. ಗಂಡಸರ ಚರ್ಮದ ಬೂಟು ಹಾಕುತ್ತಿದ್ದರು. ಸ್ಲ್ಯಾಬಿಗೆ ಕಟ್ಟಿದ ಹಲಗೆಗಳನ್ನು ಒದ್ದು ನೋಡುವುದು ಅವರ ಪರೀಕ್ಷೆ. ಒಮ್ಮೆ ಒದ್ದಾಗ ಹಲಗೆಗೆ ಆಸರೆಯಾಗಿದ್ದ ಮರದ ಗಳ, ಒಂದು ಬಲ್ಲಿ, ಮುರಿದು ಬಿತ್ತು. ಒಳಗೆಲ್ಲ ಗೆದ್ದಲು. ಅದರ ಮೇಲೆ ಆಗಷ್ಟೆ ಹೆಂಗಸರು ಬುಟ್ಟಿ ಹೊತ್ತು ಓಡಾಡಿದ್ದರು. ಗುತ್ತಿಗೆದಾರನನ್ನು ಕರೆದು, ಮಾತಿಲ್ಲದೆ, ಅವನ ಕನ್ನಡಕ ಹಾರಿಹೋಗುವ ಹಾಗೆ ಕಪಾಳಕ್ಕೆ ಬಿಟ್ಟರು. ಅವನು ಪೊಲೀಸರ ಹತ್ತಿರ ಹೋಗುತ್ತೇನೆ ಎಂದ. "ಹೋಗು. ಆದರ ಈ ಬಲ್ಲೀನೂ ಹೊತಗೊಂಡು ಹೋಗು," ಎಂದರು. ಅವನು ಹೋಗಲಿಲ್ಲ. ಅವನಿಗೆ ಶೇಂಗಾ ಕೂಡ ಸಿಗಲಿಲ್ಲ.

ಪೇಠೆಯ ನಡುವೆ ಒಂದು ಹಳೆಯ ವಾಚನಾಲಯವಿತ್ತು. ಅದಿದ್ದ ವಾಡೆ ಒಂದು ಮಳೆಗಾಲದಲ್ಲಿ ಕುಸಿದು ಬಿತ್ತು. ವಾಚನಾಲಯದ ಸಮಿತಿಯವರು ಹೊಸ ಕಟ್ಟಡಕ್ಕೆಂದು ನಕ್ಷೆಗಳನ್ನು ಕರೆದಾಗ ಬಾಯಿಯವರದು ಆಯ್ಕೆಯಾಯಿತು. ಅವರ ನಕ್ಷೆಯಲ್ಲಿ ಓದುವ ಕೋಣೆಗಳೆಲ್ಲ ಮೇಲಿದ್ದವು. ಅವಕ್ಕೆ ಗಿಲಾವು ಇಲ್ಲದ ಬರಿ ಕಾಂಕ್ರೀಟಿನ ಗೋಡೆಗಳು. ಕೆಳಗೆ ಇಡೀ ನೆಲ ಅಂತಸ್ತು ಖಾಲಿ. ಕರಿಕಲ್ಲಿನ ಕಟ್ಟೆ, ಬೀದಿಯ ಕಡೆಗೆ ಕೂರಲು ಉದ್ದನೆಯ ಮೆಟ್ಟಿಲು, ಉಳಿದ ಮೂರು ಕಡೆ ನೆರೆಮನೆಗಳ ಗೋಡೆ. ಬೀದಿಯ ಕಡೆ ಬಾಗಿಲಿಲ್ಲ, ಜಾಲರಿಯಿಲ್ಲ. ಕಾಯಿಪಲ್ಯೆ ಮಾರುವವಳು, ಹಮಾಲ, ಬಸ್ಸಿಗೆ ಕಾಯುವ ಬಸುರಿ, ಯಾರು ಬೇಕಾದರೂ ಬಂದು ಕೂರಬಹುದು. ಆ ಪೇಠೆಯಲ್ಲಿ ದುಡ್ಡು ಕೊಡದೆ ಕೂರುವ ಜಾಗ ದೇವಸ್ಥಾನ ಬಿಟ್ಟರೆ ಬೇರೆ ಇರಲಿಲ್ಲ.

"ಬಾಗಿಲಾ ಯಾಕ ಇಟ್ಟಿಲ್ರಿ?" ಎಂದು ನಾನೂ ಕೇಳಿದ್ದೆ.

"ಬೇಕು ಅನ್ನಲಿಕ್ಕೆ ಕಾರಣ ಬೇಕು. ಬ್ಯಾಡ ಅನ್ನಲಿಕ್ಕೆ ಯಾಕ ಬೇಕು?"

ಪೇಠೆ ಎದ್ದು ನಿಂತಿತು. ಇಂಥ ಚಾರಿತ್ರಿಕ ಜಾಗದಲ್ಲಿ ಸೇತುವೆಯ ಕಂಬದಂಥ ಕಟ್ಟಡವೇ ಎಂದು ಪತ್ರಿಕೆಗಳಿಗೆ ಪತ್ರಗಳು ಹೋದವು. ಸಮಿತಿ ಒಂದು ಬಹಿರಂಗ ಸಭೆ ಕರೆಯಿತು. ಮುಂದಿನ ಸಾಲಿನಲ್ಲಿ ಸಮಿತಿಯ ಹಿರಿಯ ಸದಸ್ಯರೊಬ್ಬರು ಕೂತಿದ್ದರು. ಇತಿಹಾಸದ ನಿವೃತ್ತ ಮೇಷ್ಟ್ರು, ಬಿಳಿ ಟೊಪ್ಪಿಗೆ, ಕೈಯಲ್ಲಿ ಕೋಲು. ಪೇಶ್ವೆ ಕಾಲದ ಕಮಾನುಗಳು ಬೇಕು, ಮರದ ಕಂಬಗಳು ಬೇಕು, ಮರ ಸಿಗದಿದ್ದರೆ ಸಿಮೆಂಟಿಗೇ ಮರದ ಬಣ್ಣ ಹಚ್ಚಿರಿ ಎಂದರು. ಬಾಯಿಯವರು, ನಿಮ್ಮ ಮುತ್ತಜ್ಜನ ಪಗಡಿ ನೀವು ಯಾಕೆ ಹಾಕಿಕೊಂಡು ಬಂದಿಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಸಭೆ ಹೊತ್ತಿಕೊಂಡಿತು. ಹಿಂದಿನಿಂದ ಒಂದು ಕಬ್ಬಿಣದ ಕುರ್ಚಿ ಹಾರಿ ಬಂದು ಅವರ ಮೊಣಕಾಲಿಗೆ ಬಡಿಯಿತು. ಅವರು ಬಾಗಿ ಅದನ್ನು ಎತ್ತಿ ನಿಲ್ಲಿಸಿ, ಅದರ ಮೇಲೆ ಕೂತು, ಮುಂದಿನ ಪ್ರಶ್ನೆ ಎಂದರು. ಕಾಲಿನಿಂದ ಬೂಟಿನೊಳಕ್ಕೆ ರಕ್ತ ಇಳಿಯುತ್ತಿತ್ತು.

ಸಮಿತಿ ಕಡೆಗೆ ಅವರ ನಕ್ಷೆಯನ್ನೇ ಉಳಿಸಿಕೊಂಡಿತು. ಆದರೆ ನಿಜವಾದ ವೈರಿ ಆ ಮೇಷ್ಟ್ರಾಗಿರಲಿಲ್ಲ. ಪೇಠೆಯಲ್ಲಿ ಎಲ್ಲರೂ ದಾದಾ ಎಂದು ಕರೆಯುವ ಒಬ್ಬನಿದ್ದ. ಕೆಳಗಿನ ಖಾಲಿ ಅಂತಸ್ತಿನಲ್ಲಿ ಅಂಗಡಿಗಳಾಗಬೇಕು, ಅವು ತನ್ನ ಜನರಿಗೆ ಸಿಗಬೇಕು ಎಂಬುದು ಅವನ ಆಸೆ. ಅವನು ಕಚೇರಿಗೆ ಬಂದು, ಚಹಾ ಕುಡಿದು, ಬಾಯಿಯವರು ಒಲ್ಲೆ ಎಂದಾಗ ನಕ್ಕ. ಕಟ್ಟಡದ ಕೆಲಸ ಬಾಯಿ, ಅಪಘಾತಗಳು ಆಗುತ್ತಿರುತ್ತವೆ ಎಂದು ಹೇಳಿ, ಬಾಗಿಲಲ್ಲಿ ನನ್ನ ಹೆಗಲು ತಟ್ಟಿ ಹೋದ.

ಸೈಟಿನಲ್ಲಿ ಕೆಲಸಕ್ಕಿದ್ದವರು ಬಹಳಷ್ಟು ಜನ ಯಾದಗಿರಿ, ಸುರಪುರದ ಕಡೆಯವರು. ಅವರಲ್ಲಿ ಭೀಮಪ್ಪ ಕಲ್ಲು ಕೂರಿಸುವವನು. ಅವನ ಹೆಂಡತಿ ಹಣಮವ್ವ ಸಿಮೆಂಟು ಹೊರುವವಳು. ಭೀಮಪ್ಪ ಮಾತು ಕಡಿಮೆ. ಬಾಯಿಯವರು ಬೈದರೆ ಅವನು ಮುಗುಳ್ನಗುತ್ತಿದ್ದ, ಅದಕ್ಕೆ ಅವರ ಸಿಟ್ಟು ಇನ್ನೂ ಏರುತ್ತಿತ್ತು. "ಏ, ನಗಬ್ಯಾಡೋ. ಬೈಯಾಕತ್ತೀನಿ, ಹಾಡಾಕತ್ತಿಲ್ಲ," ಎನ್ನುತ್ತಿದ್ದರು. "ನಿಮ್ಮ ಬಾಯಾಗ ನಮ್ಮೂರ ಮಾತು ಕೇಳಾಕ ಚಲೋ ಅನಸ್ತದ್ರಿ ಬಾಯಾರ," ಎಂದಿದ್ದ ಒಮ್ಮೆ. ಅಂದು ಅವನಿಗೆ ಎರಡು ಹಿಡಿ ಶೇಂಗಾ.

ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಒಂದು ಟೆಂಪೋ ಬಂದು ನಿಂತಿತು. ಇಳಿದವರ ಕೈಯಲ್ಲಿ ರಾಡು, ಗುದ್ದಲಿಯ ಕಾವು. ರೊಟ್ಟಿ ಬಿಚ್ಚಿಕೊಂಡು ಕೂತಿದ್ದ ಆಳುಗಳ ಮೇಲೆ ಬಿದ್ದರು. ಒಬ್ಬನ ಹಲ್ಲು ನನ್ನ ಕಾಲಬುಡಕ್ಕೆ ಬಂದು ಬಿತ್ತು. ಒಂದು ಕಂಬಕ್ಕೆ ಕಟ್ಟಿದ್ದ ಹಲಗೆಗಳನ್ನು ಕಿತ್ತರು, ಹಸಿ ಕಾಂಕ್ರೀಟು ಕರುಳಿನ ಹಾಗೆ ಹೊರಗೆ ಸುರಿಯಿತು. ಬಾಯಿಯವರು ಓಡಿ ಹೋಗಿ ಆ ಕಂಬಕ್ಕೆ ಅಡ್ಡ ನಿಂತರು. ಒಬ್ಬ ರಾಡು ಎತ್ತಿದಾಗ ಬಲಗೈ ಒಡ್ಡಿದರು. ಮೂಳೆ ಮುರಿದ ಸದ್ದು ಒಣಕಟ್ಟಿಗೆ ಮುರಿದ ಹಾಗಿತ್ತು. ಬೀಳಲಿಲ್ಲ. ಅವನ ಮುಂಗೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದರು. ಅವನು ಕಿರುಚುತ್ತ ಇನ್ನೊಂದು ಕೈಯಿಂದ ಅವರ ತಲೆಗೆ ಗುದ್ದುತ್ತಿದ್ದ, ಇವರು ಬಿಡಲಿಲ್ಲ. ಎರಡನೆಯವನು ಹಿಂದಿನಿಂದ ಬಂದಾಗ ಭೀಮಪ್ಪ ಅವರ ಬೆನ್ನಿನ ಮೇಲೆ ಬಿದ್ದು ಏಟು ತನ್ನ ಮೇಲೆ ತೆಗೆದುಕೊಂಡ. ಹಣಮವ್ವ ಕಲಸಿದ ಸಿಮೆಂಟಿನ ಬುಟ್ಟಿಯನ್ನು ಎತ್ತಿ ಆ ಎರಡನೆಯವನ ಮುಖಕ್ಕೆ ಎರಚಿದಳು. ಕಣ್ಣು ಉಜ್ಜಿಕೊಂಡು ಅವನು ಕುರುಡನ ಹಾಗೆ ತಿರುಗುತ್ತಿದ್ದಾಗ ನಮ್ಮ ಆಳುಗಳೂ ಸಲಿಕೆ ಹಿಡಿದು ಎದ್ದರು. ಬಂದವರು ಟೆಂಪೋ ಹತ್ತಿ ಓಡಿದರು.

ಭೀಮಪ್ಪನ ಎರಡು ಪಕ್ಕೆಲುಬು ಮುರಿದಿದ್ದವು. ಬಾಯಿಯವರ ಕೈ ಕೂಡಿಕೊಂಡಿತು, ಆದರೆ ಸೊಟ್ಟಗೆ. ಬಲಗೈಯಲ್ಲಿ ಮತ್ತೆ ಗೆರೆ ನೆಟ್ಟಗೆ ಬರಲಿಲ್ಲ. ಎಡಗೈಯಲ್ಲಿ ಕಲಿಯತೊಡಗಿದರು. ಪ್ಲಾಸ್ಟರ್ ಹಾಕಿದ ಮರುವಾರವೇ ಸೈಟಿಗೆ ಬಂದು, ಹಲಗೆ ಕಿತ್ತ ಆ ಕಂಬವನ್ನು ಬುಡದಿಂದ ಒಡೆಸಿ ಹೊಸದಾಗಿ ಹಾಕಿಸಿದರು. ದಾದಾನನ್ನು ಆಮೇಲೆ ಬೇರೆ ಯಾವುದೋ ಜಗಳದಲ್ಲಿ ಅವನದೇ ಜನ ಕಡಿದು ಹಾಕಿದರು. ಸುದ್ದಿ ತಂದವನಿಗೆ ಬಾಯಿಯವರು, "ಪಾಪ," ಎಂದರು. ನಿಜವಾಗಿಯೇ ಅಂದರೋ ಏನೋ ನನಗೆ ಇಂದಿಗೂ ಗೊತ್ತಿಲ್ಲ.

ವಾಚನಾಲಯ ಎದ್ದಿತು. ಕೆಲವು ವರ್ಷ ಆ ಕೆಳಗಿನ ಅಂತಸ್ತು ಪೇಠೆಯ ಪಡಸಾಲೆಯಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಕರೆಯುವವರಿಗಾಗಿ ಕಾಯುವ ಕೂಲಿಗಳು, ಮಧ್ಯಾಹ್ನ ಮೆಂತ್ಯದ ಸೊಪ್ಪು ಸೋಸುವ ಹೆಂಗಸರು, ಸಂಜೆ ಮೇಲಿನಿಂದ ಇಳಿದು ಬಂದ ಓದುಗರು. ಇತಿಹಾಸದ ಮೇಷ್ಟ್ರು ದಿನವೂ ಬಂದು ಪತ್ರಿಕೆ ಓದಿ, ದಿನವೂ ಆ ಗೋಡೆಗಳನ್ನು ಬೈದು ಹೋಗುತ್ತಿದ್ದರು. ಭೀಮಪ್ಪ ಊರಂಚಿನ ಕೊಂಢವಾದ ತಗಡಿನ ಶೆಡ್ಡಿನಿಂದ ಬಂದು, ತಾನೇ ಕೂರಿಸಿದ ಕಲ್ಲಿನ ಮೇಲೆ ಕೂತು ಕೆಲಸಕ್ಕೆ ಕಾಯುತ್ತಿದ್ದ. ಬಾಯಿಯವರು ಆ ದಾರಿಯಲ್ಲಿ ಹೋಗುವಾಗ ಬೇಕೆಂದೇ ಅವನನ್ನು ಬೈದು ಹೋಗುತ್ತಿದ್ದರು.

ಒಂದು ದಿನ ಬಂದ್ ಇತ್ತು. ಹೊರಗಿನಿಂದ ಬಂದು ನಮ್ಮ ಕೂಲಿ ಕಸಿಯುವವರನ್ನು ಓಡಿಸಿ ಎಂಬ ಕೂಗು ಕೆಲ ದಿನಗಳಿಂದ ಎದ್ದಿತ್ತು. ಬೆಳಿಗ್ಗೆಯೇ ಬಸ್ಸುಗಳಿಗೆ ಕಲ್ಲು ಬಿದ್ದವು. ನಾವು ಕಚೇರಿಯಲ್ಲಿದ್ದೆವು. ಪೇಠೆಯ ಬೀದಿಗಳಲ್ಲಿ ಅಂಗಡಿಗಳ ಶಟರುಗಳು ಒಂದರ ಹಿಂದೊಂದು ಬೀಳುವ ಸದ್ದು ಕೇಳಿಸಿತು. ಆಮೇಲೆ ಓಡುವ ಕಾಲುಗಳ ಸದ್ದು. ಬಾಯಿಯವರು ಮೆಟ್ಟಿಲಿಳಿದು ಓಡಿದರು, ನಾನು ಹಿಂದೆ.

ವಾಚನಾಲಯ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೂತಿದ್ದ ಕೂಲಿಗಳನ್ನು ಹೆಸರು ಕೇಳಿ, ಊರು ಕೇಳಿ ಹೊಡೆದಿದ್ದರು. ಕೆಲವರು ಬೀದಿಗೆ ಜಿಗಿದು ತಪ್ಪಿಸಿಕೊಂಡಿದ್ದರು. ಭೀಮಪ್ಪ ಒಳಕ್ಕೆ ಓಡಿದ್ದ. ಬಾಗಿಲಿಲ್ಲದ ಜಾಗ, ಅವನ ಹಿಂದೆ ಅವರೂ ಸಲೀಸಾಗಿ ಬಂದಿದ್ದರು. ಅವನು ನಡುವಿನ ಮೆಟ್ಟಿಲು ಹತ್ತಿ ಮೇಲೆ ಹೋದ. ಮೇಲೆ, ಪುಸ್ತಕಗಳ ಕಾವಲಿಗೆಂದು, ಆ ಇಡೀ ಕಟ್ಟಡದಲ್ಲಿ ಒಂದೇ ಒಂದು ಬಾಗಿಲಿತ್ತು. ಅದನ್ನು ಒಳಗಿದ್ದ ಓದುಗರು ಗದ್ದಲ ಕೇಳಿ ಕೀಲಿ ಹಾಕಿಕೊಂಡಿದ್ದರು. ಭೀಮಪ್ಪ ಅದನ್ನು ಬಡಿದಿದ್ದ. ತೇಗದ ಹಲಗೆಯ ಮೇಲೆ ಎದೆಯೆತ್ತರಕ್ಕೆ ಅವನ ಎರಡು ಅಂಗೈಗಳ ರಕ್ತದ ಗುರುತುಗಳಿದ್ದವು, ಅಲ್ಲಿಂದ ಕೆಳಗೆ ಹೊಸ್ತಿಲವರೆಗೆ ಬಳಿದುಕೊಂಡು ಬಂದಿದ್ದವು. ತಲೆ ಒಡೆದಿತ್ತು. ಬಾಯಿಯವರು ಅವನ ಪಕ್ಕ ಕೂತು, ಸೊಟ್ಟ ಕೈಯಿಂದ ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡರು. ಸುಮಾರು ಹೊತ್ತು ಬೈದರು. ಅವನಿಗೇ ಬೈದರು, ಕನ್ನಡದಲ್ಲಿ. ನಗಬ್ಯಾಡೋ, ನಗಬ್ಯಾಡೋ ಎಂದು. ಅವನ ತುಟಿ ಒಂದು ಕಡೆ ಎಳೆದುಕೊಂಡು ನಿಜಕ್ಕೂ ನಗುವ ಹಾಗೇ ಇತ್ತು.

ನಾವು ಎಷ್ಟು ಕರೆದರೂ ಒಳಗಿನವರು ಬಾಗಿಲು ತೆರೆಯಲಿಲ್ಲ. ಪೊಲೀಸರು ಬಂದ ಮೇಲೆ ತೆರೆದರು. ಮೊದಲು ಹೊರಗೆ ಬಂದವರು ಇತಿಹಾಸದ ಮೇಷ್ಟ್ರು. ಹೆಣವನ್ನು ನೋಡಿ, ದಾಟಿ ಹೋಗಲಾರದೆ, ಕೋಲು ಹಿಡಿದು ಅಲ್ಲೇ ನಿಂತುಬಿಟ್ಟರು.

ಭೀಮಪ್ಪನ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಬಾಯಿಯವರು ಕೊಂಢವಾಕ್ಕೆ ಹೋಗಬೇಕೆಂದರು. ಅರ್ಧ ಎದ್ದ ಕಟ್ಟಡಗಳ ನಡುವೆ ತಗಡಿನ ಶೆಡ್ಡುಗಳ ಸಾಲು. ಹಣಮವ್ವ ಹೊರಗೆ ಪಾತ್ರೆ ಉಜ್ಜುತ್ತಿದ್ದಳು. ಇವರನ್ನು ಕಂಡವಳೇ ಎದ್ದು ಬಂದು, ಬೂದಿಗೈಯಿಂದಲೇ ಜುಟ್ಟು ಹಿಡಿದು ಎಳೆದು ಹೊಡೆಯತೊಡಗಿದಳು. ಮುಖಕ್ಕೆ, ಬೆನ್ನಿಗೆ, ಎಲ್ಲಿ ಸಿಕ್ಕರೆ ಅಲ್ಲಿ. ಬಾಯಿಯವರು ಕೈ ಎತ್ತಲಿಲ್ಲ. ಅವರನ್ನು ಬಲ್ಲ ನನಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ನಾನು ಬಿಡಿಸಲು ಹೋದಾಗ, "ನೀ ದೂರ ನಿಲ್ಲು, ತಮ್ಮಾ," ಎಂದರು.

ದಣಿದ ಮೇಲೆ ಹಣಮವ್ವ ನೆಲಕ್ಕೆ ಕೂತಳು. ಬಾಯಿಯವರೂ ಅಲ್ಲೇ ಮಣ್ಣಿನಲ್ಲಿ ಕೂತರು. ಕೆನ್ನೆಯ ಮೇಲೆ ಉಗುರಿನ ಗೆರೆಗಳು ಕೆಂಪಗೆ ಏಳುತ್ತಿದ್ದವು.

"ಬಾಗಿಲಾ ಯಾಕ ಇಡಲಿಲ್ರಿ ಕೆಳಗ?" ಎಂದಳು ಹಣಮವ್ವ.

"ಎಲ್ಲಾರೂ ಬರ್ಲಿ ಅಂತ."

"ಬಂದ್ರಲ್ಲ ಎಲ್ಲಾರೂ."

ಬಾಯಿಯವರು ಕೆನ್ನೆಗೆ ಮೆತ್ತಿದ್ದ ಬೂದಿ ಒರೆಸಿಕೊಂಡರು.

"ಮ್ಯಾಲ ಒಂದು ಬಾಗಿಲಾ ಇಟ್ಟಿದ್ರಿ. ಅದನ್ನ ಅವಂಗ ಯಾರೂ ತೆಗೀಲಿಲ್ಲ."

ಬಾಯಿಯವರು, "ಈಗ ಕೆಳಗೂ ಇಡಬೇಕಂತಾರ ಸಮಿತಿಯವರು," ಎಂದರು.

"ಇಡ್ರಿ. ಅದರ ಕೀಲಿನೂ ಅವರ ಕೈಯಾಗ ಕೊಡ್ರಿ," ಎಂದು ಹಣಮವ್ವ ಉಗುಳಿದಳು. ಎದ್ದು ಒಳಗೆ ಹೋಗಿ ತಗಡು ಎಳೆದುಕೊಂಡಳು.

ಬಾಯಿಯವರ ಕಿಸೆಯಲ್ಲಿ ಆ ದಿನವೂ ಶೇಂಗಾ ಇದ್ದಿರಬೇಕು. ತೆಗೆಯಲಿಲ್ಲ.

ಮರುದಿನ ಅವರು ಹಾರೆ ತೆಗೆದುಕೊಂಡು ವಾಚನಾಲಯಕ್ಕೆ ಹೋಗಿ ಮೇಲಿನ ಬಾಗಿಲನ್ನು ತಿರುಗಣಿಯಿಂದ ಕಿತ್ತು ಹಾಕಿದರು. ಓದುತ್ತಿದ್ದವರು ಎದ್ದು ನಿಂತು ನೋಡಿದರು, ಯಾರೂ ತಡೆಯಲಿಲ್ಲ. ಆಮೇಲೆ ಕೂತು ಎಡಗೈಯಲ್ಲಿ ಒಂದು ನಕ್ಷೆ ಬರೆದರು. ಬೀದಿಯ ಕಡೆ, ಕಂಬಗಳ ನಡುವೆ, ದಪ್ಪ ಮರದ ಕದಗಳು, ನಡುವೆ ಕಣ್ಣೆತ್ತರಕ್ಕೆ ಕಬ್ಬಿಣದ ಸರಳು. ಹಗಲೆಲ್ಲ ತೆರೆದೇ ಇರಬೇಕು. ಮುಚ್ಚಿದರೆ ಒಳಗಿನಿಂದ ಹಾಕಲು ಒಂದು ಅಗಳಿ, ಕುಸಿದ ಹಳೆಯ ವಾಡೆಯ ತೊಲೆಯಲ್ಲಿ ಮಾಡಿದ್ದು. ಹೊರಗಿನಿಂದ ಬೀಗ ಹಾಕಲು ಕೊಂಡಿಯೇ ಇಲ್ಲ. ಒಳಗಿದ್ದವರು ಯಾರಾದರೂ ಸರಿ, ಅವರೇ ಮುಚ್ಚಬೇಕು, ಅವರೇ ತೆರೆಯಬೇಕು.

ಸಮಿತಿಯವರು ನಕ್ಕರು. ಹೊರಗಿನಿಂದ ಬೀಗ ಹಾಕಲಾಗದ ಸಾರ್ವಜನಿಕ ಕಟ್ಟಡ ಪ್ರಪಂಚದಲ್ಲಿ ಎಲ್ಲಾದರೂ ಇದೆಯೇ ಎಂದರು. ಕಾವಲುಗಾರ ಒಳಗೇ ಮಲಗುತ್ತಾನೆ ಎಂದರು ಬಾಯಿಯವರು. ಅಧ್ಯಕ್ಷರು ಒಂದು ಹೊಸ ಬೀಗ ತರಿಸಿ ಮೇಜಿನ ಮೇಲಿಟ್ಟಿದ್ದರು. ಬಾಯಿಯವರು ಅದನ್ನು ಎತ್ತಿ ಕಿಟಕಿಯ ಗಾಜಿಗೆ ಬೀಸಿದರು. ಗಾಜು ಒಡೆದು ಬೀಗ ಬೀದಿಗೆ ಬಿತ್ತು. ಅವರನ್ನು ಹೊರಗೆ ಹಾಕಿ ಎಂದು ಅಧ್ಯಕ್ಷರು ಎದ್ದಾಗ, ಅಷ್ಟು ಹೊತ್ತು ಸುಮ್ಮನಿದ್ದ ಇತಿಹಾಸದ ಮೇಷ್ಟ್ರು ಕೋಲನ್ನು ನೆಲಕ್ಕೆ ಕುಟ್ಟಿದರು.

"ಕೀಲಿ ಆ ದಿನ ನನ್ನ ಕೈಯಲ್ಲಿತ್ತು," ಎಂದರು ಮರಾಠಿಯಲ್ಲಿ. "ಅವನು ಬಡಿಯುವುದು ಕೇಳಿಸುತ್ತಿತ್ತು. ಆ ಹೆಂಗಸು ಹೇಳಿದ ಹಾಗೆ ಮಾಡಿರಿ."

ಅಧ್ಯಕ್ಷರು ಕೂತರು. ಕದಗಳು ಆದವು. ಹೊರಡುವಾಗ ಬಾಯಿಯವರು ಮೇಷ್ಟ್ರ ಹತ್ತಿರ ನಿಂತು, ಕಿಸೆಗೆ ಕೈ ಹಾಕಿ ಅವರ ಅಂಗೈಯಲ್ಲಿ ಒಂದಿಷ್ಟು ಶೇಂಗಾ ಇಟ್ಟರು. ಆ ಮುದುಕರಿಗೆ ಹಲ್ಲಿರಲಿಲ್ಲ. ಬಾಯಿಯಲ್ಲಿಟ್ಟುಕೊಂಡು ಕೂತರು.

ಆ ಕದ ನಾನು ನೋಡುವಂತೆ ಒಮ್ಮೆ ಮುಚ್ಚಿತು. ಕೆಲ ವರ್ಷಗಳ ಮೇಲೆ, ಇನ್ನೊಂದು ಬಂದ್, ಇನ್ನೊಂದು ಕಾರಣ. ಎರಡು ಗುಂಪುಗಳು ಬೀದಿಗಿಳಿದಿದ್ದವು. ಮೇಲಿನ ಗೋಡೆಯಲ್ಲಿ ನೀರು ಜಿನುಗುವುದನ್ನು ನೋಡಲು ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಗದ್ದಲ ಹತ್ತಿರವಾದ ಹಾಗೆ ಬೀದಿಯ ಜನ ಒಳಗೆ ಓಡಿ ಬಂದರು. ತರಕಾರಿಯವರು, ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ ತಾಯಂದಿರು, ರಿಕ್ಷಾದವರು. ಬಾಯಿಯವರು ಎಲ್ಲರೂ ಬರುವ ತನಕ ಕಾದು, ಕದ ದೂಡಿಸಿ ಅಗಳಿ ಹಾಕಿಸಿದರು. ಕಲ್ಲುಗಳು ಬಂದು ಮರಕ್ಕೆ ಬಡಿಯತೊಡಗಿದವು. ಮಕ್ಕಳು ಅಳುತ್ತಿದ್ದವು.

ಆಗ ಒಬ್ಬ ಬಂದು ಕದಕ್ಕೆ ಬಿದ್ದ. ಸರಳಿನ ನಡುವೆ ಅವನ ಮುಖ ಕಾಣಿಸಿತು. ಹಣೆ ಸೀಳಿ ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು. ಅವನ ಹಿಂದೆ, ಓಣಿಯ ತಿರುವಿನಲ್ಲಿ, ರಾಡು ಹಿಡಿದವರು ಬರುತ್ತಿದ್ದರು. ಉಘಡೂ ನಕಾ ಬಾಯಿ, ತೆಗೆಯಬೇಡಿ, ಎಂದು ಒಳಗಿನವರೆಲ್ಲ ಕೂಗಿದರು. ಒಬ್ಬ ರಿಕ್ಷಾದವನು ಅಗಳಿಯ ಮೇಲೆ ಮೈಯೆಲ್ಲ ಹಾಕಿ ಒತ್ತಿ ನಿಂತುಬಿಟ್ಟ. ಬಾಯಿಯವರು ಅವನ ಕಾಲರ್ ಹಿಡಿದು ಎಳೆದು ಬಿಸಾಕಿದರು.

"ತಮ್ಮಾ, ಆ ತುದಿ ಹಿಡಿ," ಎಂದರು.

ನಾನು ಹಿಡಿದೆ. ಎತ್ತಿದೆವು. ಕದ ಒಂದು ಮೈ ಹಿಡಿಸುವಷ್ಟು ತೆರೆಯಿತು. ಬಾಯಿಯವರು ಅವನ ಅಂಗಿ ಹಿಡಿದು ಒಳಗೆ ಎಳೆದರು. ಅವನ ಜೊತೆಗೆ ಒಂದು ರಾಡಿನ ತುದಿಯೂ ಒಳಗೆ ಬಂತು. ಅದು ಅವರ ಎಡಗಣ್ಣಿಗೆ ತಗುಲಿತು. ಅವರು ಕೂಗಲಿಲ್ಲ. ಆ ರಾಡು ಹಿಡಿದ ಕೈಗೆ ಬೂಟಿನಿಂದ ಒದ್ದರು, ಅದು ಹೊರಗೆ ಹೋಯಿತು. ಜನರೆಲ್ಲ ಸೇರಿ ಕದ ಒತ್ತಿದರು, ಅಗಳಿ ಮತ್ತೆ ಕೂತಿತು.

ನೆಲಕ್ಕೆ ಬಿದ್ದವನ ಪ್ಯಾಂಟಿನ ಕಿಸೆಯಿಂದ ಕಲ್ಲುಗಳು ಉರುಳಿದವು. ಅವನೂ ಬೆಳಗಿನಿಂದ ಕಲ್ಲು ಎಸೆಯುತ್ತಿದ್ದವನೇ. ಗುಂಪಿನಿಂದ ತಪ್ಪಿ ಇನ್ನೊಂದು ಗುಂಪಿನ ಕೈಗೆ ಸಿಕ್ಕಿದ್ದ. ಒಳಗಿದ್ದವರು ಅದನ್ನು ನೋಡಿದರು. ಕೂಗಾಟ ನಿಂತಿತು. ರಿಕ್ಷಾದವನು, ಇವನನ್ನು ಹೊರಗೆ ಎಸೆಯಿರಿ ಎಂದು ಮುಂದೆ ಬಂದ. ಅವನ ಹಿಂದೆ ಇನ್ನೂ ಕೆಲವರು. ಬಾಯಿಯವರು ಎಲ್ಲರಿಗಿಂತ ಮೊದಲು ಬಾಗಿ, ಆ ಬಿದ್ದವನ ಕಪಾಳಕ್ಕೆ ಒಂದು ಬಿಗಿದರು. ಇಡೀ ಅಂತಸ್ತಿನಲ್ಲಿ ಆ ಏಟು ಕೇಳಿಸಿತು. ಆಮೇಲೆ ಅವನ ಮುಂದೆ ಕಾಲು ಚಾಚಿ ಕೂತು, ಸೊಟ್ಟ ಕೈಯಿಂದ ತಮ್ಮ ಕಣ್ಣನ್ನು ಮುಚ್ಚಿಕೊಂಡು, ಯಾರಾದರೂ ಬರುವುದಿದ್ದರೆ ತಮ್ಮನ್ನು ದಾಟಿ ಬರಬೇಕು ಎಂದು ಮರಾಠಿಯಲ್ಲಿ ಹೇಳಿದರು. ಬೆರಳುಗಳ ಸಂದಿಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಯಾರೂ ದಾಟಲಿಲ್ಲ.

ಕಣ್ಣು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ನಾನು ಕೇಳಿದೆ, "ಕಲ್ಲು ಒಗದವ ಅಂತ ಮೊದಲ ಗೊತ್ತಿದ್ರ ಏನ್ ಮಾಡ್ತಿದ್ರಿ?"

"ಅದನ್ನೇ," ಎಂದರು ಬ್ಯಾಂಡೇಜಿನೊಳಗಿಂದ. "ಮೊದಲ ಒಳಗ. ಆಮ್ಯಾಲ ಕಪಾಳಕ್ಕ."

ಆಮೇಲೆ ಅವರು ದೊಡ್ಡ ಕೆಲಸ ಯಾವುದನ್ನೂ ಹಿಡಿಯಲಿಲ್ಲ. ಒಂದು ಕಣ್ಣು, ಒಂದು ಕೈ. ಕಚೇರಿ ಮುಚ್ಚಿದರು. ನಾನು ಬೇರೆ ಕಡೆ ಸೇರಿದೆ. ಗಾಜಿನ ಕಟ್ಟಡಗಳ ಚಿತ್ರ ತೋರಿಸಲು ಹೋದಾಗ ಅವನ್ನು ದೂರ ಹಿಡಿದು ನೋಡಿ, "ಇಲ್ಲಿ ಯಾರು ಕೂಡತಾರ?" ಎನ್ನುತ್ತಿದ್ದರು.  ನನ್ನ ತಲೆಯ ಹಿಂಬದಿಗೆ ಒಂದು ಹೊಡೆಯುತ್ತಿದ್ದರು, ಮೊದಲಿನ ಜೋರು ಇರುತ್ತಿರಲಿಲ್ಲ.

ನದಿಯ ದಂಡೆಯ ಸ್ಮಶಾನಕ್ಕೆ ನಾನು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹೆಚ್ಚು ಜನ ಇರಲಿಲ್ಲ. ಬಾಯಿಯವರ ತಂಗಿಯ ಮನೆಯವರು, ಹಳೆಯ ಕಚೇರಿಯ ಕೆಲವರು, ಅಂದು ಆ ಕಟ್ಟಡದ ಮಾದರಿ ಮಾಡಿದ್ದ, ಇಂದೂ ಅಳುತ್ತಿದ್ದ ಹುಡುಗಿ. ಗೇಟಿನ ಹತ್ತಿರ, ಎಲ್ಲರಿಂದ ದೂರ, ಕೆಲಸದ ಬಟ್ಟೆಯಲ್ಲೇ ಒಬ್ಬಳು ನಿಂತಿದ್ದಳು. ಸೀರೆಯ ಮೇಲೆ ಗಂಡಸರ ಅಂಗಿ, ಕಾಲಿಗೆ ಮೆತ್ತಿದ ಸಿಮೆಂಟು. ಹಣಮವ್ವ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಹ್ಯಾಂಗ ಗೊತ್ತಾಯ್ತು?" ಎಂದೆ.

"ನಮ್ಮ ಮಂದಿ ಹೇಳಿದ್ರು, ಸಾಹೇಬ್ರ."

ಒಳಗೆ ಬಾ ಎಂದೆ. ಬರಲಿಲ್ಲ. ಹೆಣ ವಿದ್ಯುತ್ ಚಿತಾಗಾರದ ಒಳಗೆ ಹೋಗುವ ತನಕ ಅಲ್ಲೇ ನಿಂತಳು. ಮುಗಿದ ಮೇಲೆ ನಾನೇ ಹತ್ತಿರ ಹೋದೆ. ಬಂದದ್ದು ಒಳ್ಳೆಯದಾಯಿತು ಎಂದೆ.

"ನಾ ಆಕೀಗೆ ಮಾಫ್ ಮಾಡಿಲ್ರಿ," ಎಂದಳು ಹಣಮವ್ವ. "ಹಂಗ ತಿಳ್ಕೋಬ್ಯಾಡ್ರಿ."

"ಇಲ್ಲ."

ಅವಳು ಚಿತಾಗಾರದ ಹೊಗೆಗೊಳವೆಯ ಕಡೆ ನೋಡಿದಳು. "ನನ್ನ ಗಂಡನ್ನ ಹೊಡದೋರು ಭಾಳ ಮಂದಿ ಇದ್ರು. ಬಾಗಿಲಾ ಹಾಕ್ಕೊಂಡು ಒಳಗ ಕುಂತೋರೂ ಭಾಳ ಮಂದಿ ಇದ್ರು. ನನ್ನ ಕೈಲೆ ಹೊಡಸ್ಕೊಳ್ಳಾಕ ನನ್ನ ಮನೀತನಕ ಬಂದಾಕಿ ಈಕಿ ಒಬ್ಬಾಕಿನೇ."

ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಕೊಂಢವಾದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಳು. ಸ್ಕೂಟರಿನ ಮೇಲೆ ಬಿಡುತ್ತೇನೆ ಎಂದೆ. ಬ್ಯಾಡ್ರಿ ಎಂದು ನಡೆದು ಹೋದಳು.